ಅವನು ನನ್ನನ್ನು ಕ್ಷಮಿಸಿದನಂತೆ

ಮಾರ್ಚ್ 5, ಬೂದಿ ಬುಧವಾರ

ಅಮ್ಮಾ,

ಹಣೆಯ ಬೂದಿ ಒರೆಸಿಕೊಳ್ಳದೆಯೇ ಬರೆಯಲು ಕೂತಿದ್ದೇನೆ. ಇಂದಿನಿಂದ ಈಸ್ಟರಿನ ಪಾಸ್ಖ ಹಬ್ಬದವರೆಗೆ ನಮ್ಮೆಲ್ಲರ ಫೋನುಗಳು ರೆಕ್ಟರ್ ಅವರ ಕಪಾಟಿನಲ್ಲಿ ಬೀಗದೊಳಗಿರುತ್ತವೆ. ಪಾದ್ರಿಗಳಾಗಲು ಓದುವ ಈ ಸೆಮಿನರಿಯಲ್ಲಿ ತಪಸ್ಸು ಕಾಲವೆಂದರೆ ಹೀಗೇ. ಹಾಗಾಗಿ ನಿನಗೆ ಕೆಲವು ವಾರ ನನ್ನ ಕೋಳಿಕಾಲಿನ ಅಕ್ಷರವೇ ಗತಿ.

ಈ ದಿನಗಳಿಗೆಂದು ಪ್ರತಿಯೊಬ್ಬರೂ ಏನಾದರೊಂದನ್ನು ಬಿಡಬೇಕು. ನಾನು ಚಹಾಕ್ಕೆ ಸಕ್ಕರೆ ಬಿಡುತ್ತೇನೆ ಎಂದೆ. ನಮ್ಮ ಆತ್ಮಗುರುಗಳು ನಕ್ಕುಬಿಟ್ಟರು. ‘ಸಕ್ಕರೆ ಬಿಡಿಸೋಕೆ ಡಾಕ್ಟರ್ ಸಾಕು. ಮನಸ್ಸಲ್ಲಿ ಯಾರನ್ನ ಗಟ್ಟಿಯಾಗಿ ಹಿಡ್ಕೊಂಡಿದ್ದೀಯ, ಅವರನ್ನ ಬಿಡು’ ಎಂದರು.

ನನಗೆ ತಕ್ಕಡಿ ಮಾಮ ನೆನಪಾದರು. ನನ್ನ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ನನ್ನನ್ನು ಎತ್ತಿಕೊಂಡು ನಿಂತವರು. ಮರದ ಮಿಲ್ಲಿನಲ್ಲಿ ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡಿದವರು. ಆಮೇಲೆ ಅಪಘಾತದ ವಿಚಾರಣೆಯಲ್ಲಿ ಅಪ್ಪನ ಬಗ್ಗೆ ‘ಕ್ರೇನ್ ನಡೆಸುವಾಗ ಅವನು ಕುಡಿದಿದ್ದ’ ಎಂದು ಹೇಳಿ ಬಂದವರು. ನಾನು ಪ್ರಾರ್ಥನಾಲಯದಲ್ಲಿ ಮಂಡಿಯೂರಿ, ಹೆಸರು ಹಿಡಿದು, ಅವರನ್ನು ಕ್ಷಮಿಸಿದ್ದೇನೆ ಎಂದು ಹೇಳಿಬಿಟ್ಟೆ. ನಂಬು, ಎದೆ ಹಗುರಾಯಿತು.

ನೀನೂ ಪ್ರಯತ್ನ ಮಾಡು ಅಮ್ಮ. ಮುಂದಿನ ವರ್ಷ ನನ್ನ ಗುರುದೀಕ್ಷೆ. ಆ ದಿನ ನೀನು ಮುಂದಿನ ಬೆಂಚಿನಲ್ಲಿ ಕೂತಿರುವಾಗ ಆ ದೇವಾಲಯದಲ್ಲಿ ನೀನು ಮುಖ ತಿರುಗಿಸಬೇಕಾದವರು ಒಬ್ಬರೂ ಇರಬಾರದು ಎಂಬುದು ನನ್ನ ಆಸೆ.

ಸಕ್ಕರೆಯನ್ನು ಇನ್ನೂ ಬಿಡದ
ನಿನ್ನ ಮಗ

*

ಮಾರ್ಚ್ 10

ಮಗನೇ,

ನಿನ್ನ ಪತ್ರ ಶನಿವಾರವೇ ಬಂತು. ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಲಾಂಡ್ರಿಯಲ್ಲಿ ಗಿಣಿ ಅದನ್ನು ನೋಡಿ ‘ಏನಕ್ಕಾ, ಈ ವಯಸ್ಸಲ್ಲಿ ಪ್ರೇಮಪತ್ರಾನಾ?’ ಎಂದಳು. ಇಸ್ತ್ರಿ ಯಂತ್ರದ ಆಚೆ ಬದಿಯಲ್ಲಿ ನಿಂತು ಆಸ್ಪತ್ರೆಯ ಬೆಡ್‌ಶೀಟುಗಳನ್ನು ನನ್ನ ಜೊತೆ ಹಿಡಿದು ಮಡಿಸುವವಳು ಅವಳು. ಯಂತ್ರ ನಿಂತರೂ ಬಾಯಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ‘ಮಗನದು, ಉಪದೇಶ ಬರೆದಿದ್ದಾನೆ’ ಎಂದೆ. ‘ಹಾಗಾದ್ರೆ ಪ್ರೇಮಪತ್ರಾನೇ ವಾಸಿ’ ಎಂದಳು.

ಎದೆ ಹಗುರಾಯಿತು ಎಂದು ಬರೆದಿದ್ದೀಯ. ಆಗ ಹತ್ತು ವರ್ಷದವನಾಗಿದ್ದ ಹುಡುಗನ ಎದೆಯಲ್ಲಿ ಎಷ್ಟು ಭಾರವಿತ್ತೋ ಅಷ್ಟು ಇಳಿದಿರಬೇಕು. ನಿನಗೆ ಗೊತ್ತಿರುವುದೆಲ್ಲ ಅವರಿವರ ಬಾಯಿಂದ ಕೇಳಿದ್ದು. ಒಂದು ಸಲ ನಾನೇ ನೆಟ್ಟಗೆ ಹೇಳಿಬಿಡುತ್ತೇನೆ.

ಕ್ರೇನಿನ ಸರಪಳಿ ಸವೆದಿತ್ತು. ತೂಕದ ಮನೆಯಲ್ಲಿ ಕೂರುವ ತಕ್ಕಡಿಗೆ ಮಿಲ್ಲಿನ ಸಾಮಾನು ಸರಂಜಾಮು ನೋಡಿಕೊಳ್ಳುವ ಜವಾಬ್ದಾರಿಯೂ ಇತ್ತು. ನಿಮ್ಮಪ್ಪ ಅವನಿಗೆ ಮೇಲಿಂದ ಮೇಲೆ ಹೇಳಿದ್ದರು. ‘ನೋಡೋಣ ಬಿಡೋ’ ಎಂದನಂತೆ. ಆ ದಿನ ಊಟದ ಹೊತ್ತು ಕಳೆದ ಮೇಲೆ ನಿಮ್ಮಪ್ಪ ಕ್ರೇನಿನಲ್ಲಿ ದಿಮ್ಮಿ ಎತ್ತುವಾಗ ಸರಪಳಿ ಹರಿಯಿತು. ಕೆಳಗೆ ನಿಂತಿದ್ದ ಕೂಲಿಯವನ ಕಾಲು ಜಜ್ಜಿಹೋಯಿತು. ವಿಚಾರಣೆಯಲ್ಲಿ ಸರಪಳಿಯ ಮಾತು ಬಂದಿದ್ದರೆ ತಕ್ಕಡಿಯ ಕೆಲಸ ಹೋಗುತ್ತಿತ್ತು. ಅದು ಬರದ ಹಾಗೆ ಅವನು ‘ಹತ್ತಿರ ಹೋದಾಗ ಅವನ ಬಾಯಿ ವಾಸನೆ ಬರ್ತಿತ್ತು’ ಎಂದ. ಅಷ್ಟೇ. ಅಷ್ಟರಿಂದಲೇ ನಿಮ್ಮಪ್ಪ ಊರ ಬಾಯಲ್ಲಿ ಕುಡುಕರಾದರು, ಕೆಲಸವೂ ಹೋಯಿತು. ಕುಡಿದು ಕುಡಿದೇ ಸತ್ತ ನಿನ್ನ ತಾತನ ಕೈಯಲ್ಲಿ ಏಟು ತಿಂದು ಬೆಳೆದವರು ಅವರು. ಕೆಮ್ಮಿನ ಔಷಧಿ ಕೊಟ್ಟರೂ ಮೂಸಿ ನೋಡಿ ಆಚೆ ಇಡುತ್ತಿದ್ದರು.

ಈಗ ಅವನು ಭಾನುವಾರಗಳಂದು ದೇವಾಲಯದ ದೊಡ್ಡ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನಗುನಗುತ್ತ ಹಾಡಿನ ಪುಸ್ತಕ ಕೊಡುತ್ತಾನೆ. ನಾನು ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತೇನೆ. ಇಷ್ಟು ವರ್ಷಗಳಿಂದ ನನಗೆ ಹಾಡಿನ ಪುಸ್ತಕವೇ ಇಲ್ಲ, ಎಲ್ಲಾ ಬಾಯಿಪಾಠ. ಅದೊಂದು ಉಪಕಾರವಾಯಿತು ಅವನಿಂದ.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಆ ಸಾಲು ಬಂದಾಗ ನಾನು ಸುಮ್ಮನಾಗುತ್ತೇನೆ. ಪಕ್ಕದವರ ದನಿಯಲ್ಲಿ ಅದು ದಾಟಿಹೋಗುತ್ತದೆ. ದೇವರಿಗೆ ಸುಳ್ಳು ಹೇಳುವುದಕ್ಕಿಂತ ಇದು ಮೇಲು ಎಂದುಕೊಂಡಿದ್ದೇನೆ. ನೀನು ಓದಿದವನು. ತಪ್ಪಾದರೆ ತಿದ್ದು.

ಬಿಸಿಲಿಗೆ ತಲೆ ಒಡ್ಡಬೇಡ. ಉಪವಾಸದ ದಿನವೂ ನೀರು ಕುಡಿ.

ನಿನ್ನ ಅಮ್ಮ

*

ಮಾರ್ಚ್ 14

ಅಮ್ಮಾ,

ನಿನ್ನ ಪತ್ರವನ್ನು ಆತ್ಮಗುರುಗಳಿಗೆ ಓದಿ ಹೇಳಿದೆ. ಬೇಸರ ಮಾಡಿಕೊಳ್ಳಬೇಡ. ‘ನಿಮ್ಮಮ್ಮ ನಿನಗಿಂತ ಚೆನ್ನಾಗಿ ಪ್ರಾರ್ಥನೆ ಮಾಡ್ತಾರೆ’ ಎಂದರು. ಆದರೂ ಆ ಸಾಲಿನ ಹತ್ತಿರ ನಿಂತುಬಿಟ್ಟರೆ ಮುಂದೆ ಹೋಗುವುದು ಹೇಗೆ?

ನಾವು ಇಲ್ಲಿ ಕಲಿಯುವುದು ಇದನ್ನೇ. ಕ್ಷಮೆ ಕೇಳಿದವರಿಗಷ್ಟೇ ಕೊಡುವುದಾದರೆ ಅದು ವ್ಯಾಪಾರ. ಅವರು ಕೇಳಲಿ, ಬಿಡಲಿ, ನೀನು ಕೊಟ್ಟುಬಿಡು. ಅವರ ಮನೆಗೆ ಹೋಗಿ ಎರಡು ಮಾತಿನಲ್ಲಿ ಹೇಳಿ ಬಂದುಬಿಡು. ಆಮೇಲೆ ಅದು ನಿನ್ನ ಭಾರವಲ್ಲ, ಅವರದು.

ಇದು ಉಪದೇಶವಲ್ಲ. ಗಿಣಿ ಅಕ್ಕನಿಗೂ ಹೇಳು.

ನಿನ್ನ ಉತ್ತರದ ದಾರಿ ಕಾಯುವ
ಮಗ

*

ಮಾರ್ಚ್ 18

ಮಗನೇ,

ಹೋಗಿ ಬಂದೆ.

ಭಾನುವಾರ ಪೂಜೆ ಮುಗಿದ ಮೇಲೆ ಹೋದೆ. ದಾರಿಯುದ್ದಕ್ಕೂ ನಿನ್ನ ಎರಡು ಮಾತುಗಳನ್ನೇ ಹೇಳಿಕೊಳ್ಳುತ್ತಾ ಹೋದೆ, ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ. ಅವನು ಮನೆ ಮುಂದೆ ಮೆಟ್ಟಿಲ ಮೇಲೆ ಕೂತು ಹಳೆಯ ಕುರ್ಚಿಗೆ ಪ್ಲಾಸ್ಟಿಕ್ ಪಟ್ಟಿ ಹೆಣೆಯುತ್ತಿದ್ದ.

‘ಬನ್ನಿ ಅತ್ತಿಗೆ’ ಎಂದ, ನಿನ್ನೆ ಮೊನ್ನೆ ಬಂದು ಹೋದವಳನ್ನು ಕರೆಯುವ ಹಾಗೆ.

‘ಕೂರಲ್ಲ. ಒಂದು ಮಾತು ಹೇಳಿ ಹೋಗ್ತೀನಿ. ನಾನು ನಿಮ್ಮನ್ನ ಕ್ಷಮಿಸಿದ್ದೀನಿ.’

‘ಯಾವುದಕ್ಕೆ?’

ಈ ಪ್ರಶ್ನೆ ಬರುತ್ತದೆ ಎಂದು ನೀನೂ ಬರೆದಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

‘ನಮ್ಮನೆಯವರು ಕುಡಿದಿದ್ರು ಅಂತ ಹೇಳಿದ್ರಲ್ಲ, ಅದಕ್ಕೆ.’

ಅವನು ಪಟ್ಟಿಯನ್ನು ಬಿಗಿಯಾಗಿ ಎಳೆದು ಕೊನೆಯನ್ನು ಒಳಗೆ ತೂರಿಸಿದ. ಆಮೇಲೆ ತಲೆ ಎತ್ತಿದ. ಮುಖದಲ್ಲಿ ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ‘ಕುಡಿದಿದ್ದ ಅತ್ತಿಗೆ. ಇದ್ದಿದ್ದನ್ನ ಹೇಳಿದೆ. ಹೇಳೋಕೆ ನನಗೇನು ಖುಷಿಯಾಗಿತ್ತಾ? ನನ್ನ ಗೆಳೆಯ ಅವನು.’

‘ಸರಪಳಿ ಸವೆದಿತ್ತು.’

‘ಸರಪಳಿ ಯಾವಾಗ್ಲೂ ಸವೆದಿರುತ್ತೆ. ನಡೆಸೋನು ನೆಟ್ಟಗಿದ್ರೆ ಹರಿಯಲ್ಲ.’

ಅಷ್ಟರಲ್ಲಿ ಅವನ ಹೆಂಡತಿ ಚಹಾ ತಂದಳು. ನನ್ನ ಮುಖ ನೋಡಲಿಲ್ಲ. ಲೋಟ ಕೈಗೆ ಕೊಟ್ಟವಳೇ ಒಳಗೆ ಹೋದಳು. ಅವನು ಮತ್ತೆ ಕುರ್ಚಿಗೆ ಕೈ ಹಾಕಿ ಮೆಲ್ಲಗೆ ಹೇಳಿದ, ‘ಇಷ್ಟು ವರ್ಷ ನೀವು ನನ್ನ ಮುಖ ನೋಡಲಿಲ್ಲ. ಎದುರಿಗೆ ಬಂದ್ರೆ ರಸ್ತೆ ದಾಟಿಬಿಡ್ತಿದ್ರಿ. ನನ್ನ ಹೆಂಡ್ತಿ ಅದಕ್ಕೆ ಎಷ್ಟು ಅತ್ತಿದ್ದಾಳೋ. ಹೋಗ್ಲಿ ಬಿಡಿ. ಗಂಡನ ಮೇಲಿನ ಪ್ರೀತಿಗೆ ಹಾಗೆ ಮಾಡಿದ್ರಿ. ನಾನೂ ನಿಮ್ಮನ್ನ ಕ್ಷಮಿಸಿದ್ದೀನಿ.’

ಅವನು ನನ್ನನ್ನು ಕ್ಷಮಿಸಿದನಂತೆ, ಮಗನೇ. ನಾನು ಅವನ ಮನೆಯ ಚಹಾ ಕುಡಿದೆ. ಲೋಟ ಕೈಯಲ್ಲಿತ್ತು, ಏನು ಮಾಡಬೇಕೆಂದು ತೋಚಲಿಲ್ಲ, ಕುಡಿದುಬಿಟ್ಟೆ. ಗೇಟಿನವರೆಗೆ ಬಂದು ಬೀಳ್ಕೊಟ್ಟ.

ನೀನು ಹೇಳಿದ ಹಾಗೆ ಕೊಟ್ಟು ಬಂದೆ. ಭಾರ ಯಾರದಾಯಿತು ಎಂದು ನಿನ್ನ ಗುರುಗಳನ್ನು ಕೇಳಿ ಬರೆ.

ಅಮ್ಮ

*

ಮಾರ್ಚ್ 24

ಮಗನೇ,

ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ತಲೆ ಒಡೆದುಹೋಗುತ್ತದೆ.

ನಿನ್ನೆ ಪೂಜೆಯಲ್ಲಿ ಫಾದರ್ ಕ್ಷಮೆಯ ಬಗ್ಗೆ ಪ್ರಸಂಗ ಮಾಡಿದರು. ‘ನಮ್ಮ ನಡುವೆಯೇ ಎರಡು ಕುಟುಂಬಗಳು ಹಳೆಯ ದ್ವೇಷ ಮರೆತು ಈ ತಪಸ್ಸು ಕಾಲದಲ್ಲಿ ಒಂದಾಗಿವೆ’ ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮುಂದಿನ ಬೆಂಚಿನವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಮುಗಿದ ಮೇಲೆ ಹೊರಗೆ ಒಬ್ಬೊಬ್ಬರಾಗಿ ಬಂದು ಕೈ ಹಿಡಿದುಕೊಂಡರು. ‘ಒಳ್ಳೇ ಕೆಲಸ ಮಾಡಿದ್ರಿ.’ ‘ಕೊನೆಗೂ ಒಪ್ಪಿಕೊಂಡ್ರಲ್ಲ.’ ಹಾಲಿನ ಅಂಗಡಿಯವಳು ನನ್ನನ್ನು ತಬ್ಬಿಕೊಂಡು ಹೇಳಿದಳು, ‘ಕುಡಿಯೋ ಗಂಡಸರ ಹೆಂಡ್ತಿಯರು ನಾವು, ಯಾರನ್ನ ದೂರೋಣ ಹೇಳಿ.’

ನಿನಗೆ ಅರ್ಥವಾಯಿತಾ? ನಾನು ಮುನಿಸಿಕೊಂಡಿದ್ದಷ್ಟು ವರ್ಷ ಜನರಿಗೆ ಒಂದು ಅನುಮಾನವಾದರೂ ಇತ್ತು. ಆ ಹೆಂಗಸು ಇನ್ನೂ ಪಟ್ಟು ಬಿಟ್ಟಿಲ್ಲ, ಏನೋ ಇರಬೇಕು ಎಂದು. ಈಗ ನಾನೇ ಅವನ ಮೆಟ್ಟಿಲ ಹತ್ತಿರ ಹೋಗಿ ಮುದ್ರೆ ಒತ್ತಿ ಬಂದ ಹಾಗಾಯಿತು. ನಿಮ್ಮಪ್ಪನನ್ನು ಎರಡನೇ ಸಲ ಕುಡುಕರನ್ನಾಗಿ ಮಾಡಿದವಳು ನಾನು.

ಫಾದರ್ ಹತ್ತಿರ ಹೋದೆ. ಪಾಪ, ಅವರಿಗೆ ನಿನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಒಂದು ಕಡೆ ಹಬ್ಬದ ನಂತರದ ಮದುವೆಗೆ ದಿನ ಕೇಳಲು ಬಂದ ಮದುವೆಯವರು ಕಾಯುತ್ತಿದ್ದರು, ಇನ್ನೊಂದು ಕಡೆ ಮೈಕಿನವನು. ಎಲ್ಲ ಕೇಳಿಸಿಕೊಂಡರು.

‘ಅವರೇ ಬಂದು ಹೇಳಿದ್ರು ಅಮ್ಮ, ನೀವು ಮನೆಗೆ ಹೋಗಿದ್ರಿ ಅಂತ. ಕಣ್ಣಲ್ಲಿ ನೀರಿತ್ತು ಅವರಿಗೆ. ನಾನು ಒಳ್ಳೇದಕ್ಕೇ ಹೇಳಿದೆ.’

‘ಅವರು ಕುಡಿದಿರಲಿಲ್ಲ ಫಾದರ್.’

‘ಇರಬಹುದು ಅಮ್ಮ. ಈಗ ಮುಂದಿನ ಭಾನುವಾರ ನಾನು ಏನಂತ ಹೇಳ್ಲಿ? ಅವರು ಕ್ಷಮಿಸಿಲ್ಲ ಅಂತ ಹೇಳ್ಲಾ?’

ಅವರು ನನ್ನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಮದುವೆಯವರ ಕಡೆ ಹೋದರು.

ಲಾಂಡ್ರಿಯಲ್ಲಿ ಗಿಣಿ ಇವತ್ತು ಬಾಯಿಯೇ ಬಿಚ್ಚಲಿಲ್ಲ. ಅವಳು ಸುಮ್ಮನಿದ್ದರೆ ಯಂತ್ರದ ಸದ್ದು ಅಷ್ಟು ಜೋರು ಎಂದು ಇವತ್ತೇ ಗೊತ್ತಾಯಿತು.

ಅಮ್ಮ

*

ಮಾರ್ಚ್ 28

ಅಮ್ಮಾ,

ಎರಡೂ ಪತ್ರಗಳು ಒಟ್ಟಿಗೇ ಬಂದವು. ಓದಿದ ಮೇಲೆ ಊಟಕ್ಕೆ ಹೋಗಲಿಲ್ಲ. ಆ ಮನುಷ್ಯನಿಗೊಂದು ಪತ್ರ ಬರೆದೆ. ಏನು ಬರೆದೆ ಎಂದು ನಿನಗೆ ಹೇಳಲಾರೆ, ಈ ಮನೆಯಲ್ಲಿ ಕೂತು ಬರೆಯುವಂಥ ಮಾತುಗಳಲ್ಲ. ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಬೂದಿ ಬುಧವಾರ ನಾನು ಅವನನ್ನು ಕ್ಷಮಿಸಿದೆ ಎಂದು ಬರೆದಿದ್ದೆನಲ್ಲ, ಅದು ಕ್ಷಮೆಯೇ ಅಲ್ಲ. ಅವನು ದೂರದಲ್ಲಿದ್ದ, ಅಷ್ಟೇ. ಅವನು ನಿನಗೆ ಚಹಾ ಕೊಟ್ಟು ಗೇಟಿನವರೆಗೆ ಬಂದ ಎಂದು ಓದಿದ ತಕ್ಷಣ ಪೆನ್ನು ಕೈಗೆತ್ತಿಕೊಂಡೆ.

ಆತ್ಮಗುರುಗಳ ಕೋಣೆಗೆ ಹೋಗಿ ಕೂತೆ. ಅವರು ಎರಡೂ ಪತ್ರ ತೆಗೆದುಕೊಂಡು ಓದಿದರು. ಆಮೇಲೆ ‘ಆತ ಸುಳ್ಳು ಹೇಳ್ತಿದ್ದಾನೋ, ತಾನು ಹೇಳ್ತಿರೋದು ನಿಜ ಅಂತ ನಂಬಿದ್ದಾನೋ?’ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ರಾತ್ರಿಯೆಲ್ಲ ಅದೇ ಯೋಚನೆ. ಅಮ್ಮ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಅಪ್ಪ ಆ ದಿನ ಊಟದ ಹೊತ್ತಿನಲ್ಲಿ ಯಾರ ಜೊತೆಗಾದರೂ, ಒಂದೇ ಒಂದು ಸಲ, ನಿನಗೆ ಗೊತ್ತಾಗದ ಹಾಗೆ ಕುಡಿದಿರಬಹುದೇ? ನಾನು ಅಪ್ಪನನ್ನು ದೂರುತ್ತಿಲ್ಲ. ಹಾಗಿದ್ದರೂ ಅಪ್ಪ ಅಪ್ಪನೇ. ಹಾಗೇನಾದರೂ ಇದ್ದರೆ ಎಲ್ಲರನ್ನೂ ಕ್ಷಮಿಸುವುದು ಸುಲಭವಾಗುತ್ತಿತ್ತು, ಅಷ್ಟೇ.

ಬೇಗ ಬರೆ.

ಮಗ

*

ಏಪ್ರಿಲ್ 4

ಅಮ್ಮಾ,

ನಿನ್ನ ಪತ್ರ ಬಂದಿಲ್ಲ. ಅಂಚೆ ತಡವಾಗಿರಬಹುದು. ಇವತ್ತು ಶಿಲುಬೆಯ ಹಾದಿ ನಡೆಸುವ ಸರದಿ ನನ್ನದಿತ್ತು. ಯೇಸು ತಾಯಿಯನ್ನು ಎದುರುಗೊಳ್ಳುವ ಸ್ಥಳದಲ್ಲಿ ಪ್ರಾರ್ಥನೆಯ ಮಾತು ಮರೆತುಹೋಗಿ ಹಾಗೇ ನಿಂತುಬಿಟ್ಟೆ. ಹಿಂದಿನವರು ನಾನು ಮೌನಧ್ಯಾನ ಮಾಡಿಸುತ್ತಿದ್ದೇನೆ ಎಂದುಕೊಂಡರಂತೆ.

ಮೈ ಹುಷಾರಿದೆ ತಾನೇ? ಒಂದು ಸಾಲು ಬರೆ.

ಮಗ

*

ಏಪ್ರಿಲ್ 9

ಅಮ್ಮಾ,

ರೆಕ್ಟರ್ ಅವರ ಅಪ್ಪಣೆ ಪಡೆದು ಆಫೀಸಿನ ಫೋನಿನಿಂದ ಲಾಂಡ್ರಿಗೆ ಮಾಡಿದೆ. ಗಿಣಿ ಅಕ್ಕ ಎತ್ತಿದರು. ‘ಚೆನ್ನಾಗಿದ್ದಾಳಪ್ಪ, ಇಲ್ಲೇ ನಿಂತಿದ್ದಾಳೆ’ ಎಂದರು. ‘ಕೊಡಿ’ ಎಂದೆ. ಸ್ವಲ್ಪ ಹೊತ್ತು ಬಿಟ್ಟು ‘ಕೈ ಖಾಲಿ ಇಲ್ವಂತೆ’ ಎಂದರು. ಯಂತ್ರದ ಸದ್ದು ಕೇಳಿಸಲಿಲ್ಲ. ಅದು ನಿಂತಿತ್ತು.

ನಾನು ಏನು ಮಾಡಿದೆ ಎಂದು ಈಗ ಗೊತ್ತಾಗುತ್ತಿದೆ.

ಮಗ

*

ಏಪ್ರಿಲ್ 12

ಮಗನೇ,

ಬರೆಯಬಾರದು ಎಂದಿದ್ದೆ. ನಾಳೆ ಗರಿಗಳ ಭಾನುವಾರ. ಪವಿತ್ರ ವಾರದೊಳಗೆ ಇದನ್ನು ಹೊತ್ತುಕೊಂಡು ಹೋಗಲು ಭಯವಾಗಿ ಬರೆಯುತ್ತಿದ್ದೇನೆ.

ಕೆಲಸ ಹೋದ ಮೇಲೆ ನಿಮ್ಮಪ್ಪ ಎರಡು ವರ್ಷ ಬದುಕಿದ್ದರು. ಬೇರೆ ಮಿಲ್ಲುಗಳವರು ಸೇರಿಸಿಕೊಳ್ಳಲಿಲ್ಲ. ಯಾರದೋ ತೋಟದಲ್ಲಿ ಗುಂಡಿ ತೋಡಿದರು, ಯಾರದೋ ಗೋಡೆಗೆ ಸುಣ್ಣ ಬಳಿದರು. ಮಲಗುವ ಮೊದಲು ನನ್ನನ್ನು ಕೇಳುತ್ತಿದ್ದರು, ‘ನೀನು ನಂಬ್ತೀಯಲ್ಲ?’ ‘ನಂಬ್ತೀನಿ.’ ಅಷ್ಟೇ ಮಾತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಗೆ ಮಾತು ನಿಂತಾಗಲೂ ನನ್ನ ಮುಖ ನೋಡಿದರು. ಏನು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ತಲೆಯಾಡಿಸಿದೆ. ಆ ಮನುಷ್ಯನಿಗೆ ನಾನು ಕೊಡಲು ಸಾಧ್ಯವಾದದ್ದು ಆ ಒಂದು ಮಾತು ಮಾತ್ರ.

ಇನ್ನೊಂದು ಮಾತು ನೀನು ಕೊಟ್ಟಿದ್ದೆ. ಬೀದಿಯ ಹುಡುಗರು ‘ಕುಡುಕನ ಮಗ’ ಎಂದಾಗ ಅವರ ಮೇಲೆ ಬಿದ್ದು ಹೊಡೆದಾಡಿ ಅಂಗಿ ಹರಿದುಕೊಂಡು ಬಂದೆ. ನಿಮ್ಮಪ್ಪ ಏನೂ ಕೇಳದೆ ಸೂಜಿ ದಾರ ತೆಗೆದುಕೊಂಡು ಕೂತರು. ಅವರಿಗೆ ಹೊಲಿಯಲು ಬರುತ್ತಿರಲಿಲ್ಲ. ಹೊಲಿಗೆಯೆಲ್ಲ ಸೊಟ್ಟ. ಹೊಲಿಯುತ್ತಾ ನನ್ನ ಕಡೆ ನೋಡಿ ನಕ್ಕರು. ಆ ಎರಡು ವರ್ಷದಲ್ಲಿ ನಾನು ಕಂಡ ನಗು ಅದೊಂದೇ.

ಆ ಮಗ ಈಗ ನನ್ನನ್ನು ಕೇಳುತ್ತಾನೆ, ಒಂದೇ ಒಂದು ಸಲ ಕುಡಿದಿರಬಹುದೇ ಎಂದು. ಹಾಗಿದ್ದರೂ ಅಪ್ಪ ಅಪ್ಪನೇ ಎನ್ನುತ್ತಾನೆ. ನಿನ್ನದು ದೊಡ್ಡ ಮನಸ್ಸು. ತಕ್ಕಡಿಯೂ ನನಗೆ ಇಂಥದ್ದೇ ದೊಡ್ಡ ಮನಸ್ಸು ತೋರಿಸಿದ.

ಕ್ಷಮಿಸುವುದು ಸುಲಭವಾಗಲಿ ಎಂದು ನಿಮ್ಮಪ್ಪನನ್ನು ಕೊಟ್ಟುಬಿಡಬೇಕೇ?

ಅವನನ್ನು ಕ್ಷಮಿಸಲು ಅವನ ಮನೆಯವರೆಗಾದರೂ ನಡೆದು ಹೋದೆ. ನಿನ್ನ ವಿಷಯದಲ್ಲಿ ಎದ್ದು ನಿಲ್ಲಲೂ ಆಗುತ್ತಿಲ್ಲ. ಅವನು ಹೊರಗಿನವನು. ನೀನು ಆ ಹೊಲಿಗೆ ಹಾಕಿದ ಅಂಗಿ ತೊಟ್ಟವನು.

ಪಾಪನಿವೇದನೆಗೆ ಹೋಗಿದ್ದೆ. ಹಬ್ಬದ ಸಹಾಯಕ್ಕೆಂದು ಬೇರೆ ಕಡೆಯಿಂದ ಒಬ್ಬರು ವಯಸ್ಸಾದ ಫಾದರ್ ಬಂದಿದ್ದಾರೆ. ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಬೇಕಾಯಿತು, ಹೊರಗೆ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿರಬೇಕು.

‘ಮಗನನ್ನ ಕ್ಷಮಿಸೋಕೆ ಆಗ್ತಿಲ್ಲ ಫಾದರ್.’

‘ಕ್ಷಮಿಸಬೇಕು ಅಂತ ಆಸೆ ಇದೆಯಾ?’

‘ಸದ್ಯಕ್ಕೆ ಅದೂ ಇಲ್ಲ.’

‘ಆ ಆಸೆ ಬರಲಿ ಅಂತಾದ್ರೂ ಇದೆಯಾ?’

‘ಮಗ ಅಲ್ವಾ ಫಾದರ್. ಅಷ್ಟು ಇಲ್ದೆ ಇರುತ್ತಾ.’

‘ಸರಿ. ಅಷ್ಟನ್ನ ದೇವರಿಗೆ ಕೊಡಿ’ ಎಂದು ಪಾಪಕ್ಷಮೆ ಕೊಟ್ಟರು. ಅಷ್ಟು ಸಾಲುತ್ತದೆಯೇ ಎಂದು ನಾನು ಕೇಳಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಅಮ್ಮ

*

ಏಪ್ರಿಲ್ 15

ಅಮ್ಮಾ,

ಏನು ಬರೆದರೂ ಇನ್ನೊಂದು ಗಾಯವಾಗುತ್ತದೆ ಎಂಬ ಭಯ. ಅದಕ್ಕೇ ಚಿಕ್ಕದಾಗಿ ಬರೆಯುತ್ತೇನೆ.

ನನಗೆ ಹೊಡೆದಾಟ ನೆನಪಿದೆ. ಸೊಟ್ಟ ಹೊಲಿಗೆಯ ಅಂಗಿಯೂ ನೆನಪಿದೆ. ಅದನ್ನು ಅಪ್ಪ ಹೊಲಿದರು ಎಂಬುದು ಗೊತ್ತೇ ಇರಲಿಲ್ಲ, ನೀನು ಹೊಲಿದೆ ಎಂದುಕೊಂಡಿದ್ದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನಿನ್ನ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ. ಒಬ್ಬರಿಗೆ ಕ್ಷಮಿಸು ಎಂದು ಹೇಳುವುದು ಎಷ್ಟು ಸಲೀಸು ಎಂದು ಯೋಚಿಸಿದರೆ ಮುಂದೆ ಪಾದ್ರಿಯಾಗಿ ಪೀಠದ ಮುಂದೆ ನಿಂತು ಏನು ಮಾತನಾಡಲಿ ಎಂದು ಗಾಬರಿಯಾಗುತ್ತದೆ. ಗುರುಗಳಿಗೆ ಇದನ್ನು ಹೇಳಿದೆ. ‘ಗಾಬರಿಯಾಗ್ಲಿ ಬಿಡು’ ಎಂದರು.

ಪಾಸ್ಖ ಆದ ಮೇಲಿನ ವಾರ ರಜೆ. ಬರಲಾ? ಬೇಡ ಎಂದರೆ ಇಲ್ಲೇ ಇರುತ್ತೇನೆ. ಇಲ್ಲಿ ತೋಟದ ಕೆಲಸ ಬೇಕಾದಷ್ಟಿದೆ.

ಮಗ

*

ಏಪ್ರಿಲ್ 18, ಶುಭ ಶುಕ್ರವಾರ

ಮಗನೇ,

ದೇವಾಲಯದಿಂದ ಈಗ ಬಂದೆ. ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಬರೆಯುತ್ತಿದ್ದೇನೆ.

ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಯಾರಿದ್ದಾರೆ ಎಂದು ಹತ್ತಿರ ಬಂದ ಮೇಲೆಯೇ ಗಮನಿಸಿದ್ದು. ಅವನೇ. ಮಂಡಿಯೂರಿ ಮುತ್ತಿಟ್ಟ. ಏಳಲು ಹೋದ, ಆಗಲಿಲ್ಲ. ಮಂಡಿ ಹಿಡಿದುಕೊಂಡಿರಬೇಕು. ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದ. ಹಿಂದೆ ಇದ್ದವಳು ನಾನು.

ಎತ್ತಿದೆ. ಕಂಕುಳಿಗೆ ಕೈ ಕೊಟ್ಟು, ಒದ್ದೆ ಬೆಡ್‌ಶೀಟಿನ ಗಂಟು ಎತ್ತುವ ಹಾಗೆ ಎತ್ತಿ ನಿಲ್ಲಿಸಿದೆ. ಬಿದ್ದವರನ್ನು ಯಾರಾದರೂ ಎತ್ತುತ್ತಾರೆ, ಅದರಲ್ಲಿ ಏನೂ ಇಲ್ಲ. ಆದರೆ ಸಾಲಿನಲ್ಲಿದ್ದವರು ಕಣ್ಣೊರೆಸಿಕೊಂಡರು. ಹಾಲಿನ ಅಂಗಡಿಯವಳು ಬಿಕ್ಕಿದಳು. ನನ್ನೊಳಗೆ ಏನಾದರೂ ಕರಗಬಹುದು ಎಂದು ಒಂದು ಗಳಿಗೆ ಕಾದೆ. ಏನೂ ಆಗಲಿಲ್ಲ. ಬೆನ್ನು ಮಾತ್ರ ಹಿಡಿದುಕೊಂಡಿತು. ಆಮೇಲೆ ನಾನೂ ಮಂಡಿಯೂರಿ ಮುತ್ತಿಟ್ಟೆ. ‘ನನ್ನಿಂದ ಆಗ್ತಿಲ್ಲ, ನಿನಗೆ ಕಾಣಿಸ್ತಿದೆ ತಾನೇ’ ಎಂದೆ. ಅದೊಂದೇ ಪ್ರಾರ್ಥನೆ.

ಬರಲಾ ಎಂದು ಕೇಳಿದ್ದೀಯ. ನಿನ್ನ ಮನೆಗೆ ಬರಲು ನನ್ನನ್ನು ಯಾಕೆ ಕೇಳುತ್ತೀಯ? ಬಾ. ಮಾತು ನಿರೀಕ್ಷೆ ಮಾಡಬೇಡ. ಅಡುಗೆ ಮಾಡಿ ಹಾಕುತ್ತೇನೆ.

ಅಮ್ಮ

*

ಏಪ್ರಿಲ್ 28

ಮಗನೇ,

ತಲುಪಿದ್ದೀಯ ಎಂದುಕೊಂಡಿದ್ದೇನೆ. ಫೋನು ನಿನ್ನ ಕೈಗೆ ಬಂದಿದೆ, ನನಗೂ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಹೂಂ, ಹೂಂ’ ಎನ್ನುತ್ತೇವೆ, ಇಲ್ಲಿದ್ದಷ್ಟು ದಿನ ಅಂದ ಹಾಗೆ.

ನೀನು ಚಾವಣಿಯ ಜೇಡರ ಬಲೆ ತೆಗೆದೆ, ನಲ್ಲಿ ಸರಿ ಮಾಡಿದೆ, ಬಡಿಸಿದ್ದನ್ನೆಲ್ಲ ಉಂಡೆ. ಉಪ್ಪು ಜಾಸ್ತಿಯಾದ ದಿನವೂ ಉಂಡೆ. ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಒಂದೆರಡು ಸಲ ಬಾಯಿಯವರೆಗೆ ಬಂತು, ನೀನು ತಲೆ ಎತ್ತಿ ನೋಡಿದ ತಕ್ಷಣ ನುಂಗಿಕೊಂಡೆ.

ಬಸ್ಸಿಗೆ ಹೊರಟ ದಿನ ಔಷಧಿ ಅಂಗಡಿಯ ಮುಂದೆ ಅವನು ಎದುರಾದಾಗ ನನ್ನ ಕಾಲು ತಾನಾಗಿಯೇ ರಸ್ತೆಯ ಆಚೆ ಬದಿಗೆ ತಿರುಗಿತ್ತು. ಅಷ್ಟರಲ್ಲಿ ಅವನು ನಿನ್ನನ್ನು ಹಿಡಿದುಕೊಂಡುಬಿಟ್ಟಿದ್ದ.

‘ಎಷ್ಟು ಎತ್ತರ ಬೆಳೆದುಬಿಟ್ಟೆಯೋ. ಅಪ್ಪ ಇದ್ದಿದ್ರೆ ಎಷ್ಟು ಸಂತೋಷಪಡ್ತಿದ್ದ’ ಎಂದ. ಆಮೇಲೆ ನಿನ್ನ ತಲೆ ಬಗ್ಗಿಸಿ ಹಣೆಯ ಮೇಲೆ ಶಿಲುಬೆ ಗುರುತು ಹಾಕಿದ. ಧರ್ಮಪಿತ ಅಲ್ಲವೇ, ಹಕ್ಕಿದೆ.

ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ಕಣ್ಣು ಮುಚ್ಚಿಕೊಂಡೆ. ಕೈಗಳು ಬ್ಯಾಗಿನ ಹಿಡಿಯನ್ನು ಬೆರಳು ಬೆಳ್ಳಗಾಗುವ ಹಾಗೆ ಹಿಡಿದಿದ್ದವು. ‘ಬರ್ತೀನಿ ಮಾಮ’ ಎಂದಷ್ಟೇ ಹೇಳಿದೆ. ಅವನು ಖುಷಿಯಾಗಿ ಹೋದ. ಅವನ ಖುಷಿ ಸುಳ್ಳಲ್ಲ ಎಂದೇ ನನಗೆ ಅನಿಸಿತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯಲಿಲ್ಲ.

ಅವನು ತಿರುವಿನಲ್ಲಿ ಮರೆಯಾಗುವವರೆಗೆ ನೀನು ಅಲ್ಲೇ ನಿಂತೆ. ಆಮೇಲೆ ‘ಅಮ್ಮ, ಹೊಡಿಬೇಕು ಅನಿಸ್ತು’ ಎಂದೆ. ನಾನು ‘ನನಗೆ ಗೊತ್ತು’ ಎಂದೆ. ಆ ರಜೆಯಲ್ಲಿ ನಾವು ಆಡಿದ ಮಾತು ಅದೊಂದೇ.

ನಿನ್ನ ಮೇಲಿನ ಕೋಪ ಹೋಯಿತೇ ಎಂದು ನೀನು ಕೇಳಲಿಲ್ಲ. ಒಳ್ಳೆಯದಾಯಿತು, ಕೇಳಿದ್ದರೆ ಇನ್ನೂ ಇಲ್ಲ ಎನ್ನಬೇಕಾಗುತ್ತಿತ್ತು. ಬಸ್ಸು ಹೊರಟಿತು. ನೀನು ಕಿಟಕಿಯಿಂದ ಕೈ ಬೀಸಿದೆ. ನಾನು ಬೀಸಿದೆನೋ ಇಲ್ಲವೋ ನೆನಪಿಲ್ಲ. ಮುಂದಿನ ಬಸ್ಸು ಬಂತು, ಅದೂ ಹೋಯಿತು. ಟಿಕೆಟ್ ಕೊಡುವವನು ಬಂದು ‘ಯಾವ ಕಡೆ ಹೋಗ್ಬೇಕಮ್ಮ?’ ಎಂದು ಕೇಳಿದ. ‘ಎಲ್ಲಿಗೂ ಇಲ್ಲ, ಮಗನನ್ನ ಕಳಿಸೋಕೆ ಬಂದೆ’ ಎಂದೆ. ‘ಆ ಬಸ್ಸು ಹೋಗಿ ಎಷ್ಟೋ ಹೊತ್ತಾಯ್ತಲ್ಲಮ್ಮ’ ಎಂದ.

ಕೋಪ ಇರುವವರು ಹಾಗೆ ನಿಲ್ಲುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ನಿನ್ನ ಅಮ್ಮ